ಪದವಿ ಪರೀಕ್ಷೆ ಮತ್ತು ಅಧ್ಯಾಪಕರ ದುಡಿಮೆ: ಬೆಂಗಳೂರಿನ ಹಿನ್ನೆಲೆಯಲ್ಲಿ ಒಂದು ಅವಲೋಕನ

ವಿಶ್ವವಿದ್ಯಾಲಯಗಳ ಚರಿತ್ರೆಯೆಂದರೆ ಸ್ಥಾಪನೆ, ಕಟ್ಟಡ, ಕುಲಪತಿಗಳು, ಘಟಿಕೋತ್ಸವಗಳ ಚರಿತ್ರೆ ಎಂಬ ಗ್ರಹಿಕೆ ರೂಢಿಯಲ್ಲಿದೆ. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರ ದುಡಿಮೆ ಈ ಚರಿತ್ರೆಯ ಅಂಚಿನಲ್ಲಿಯೇ ಉಳಿದಿದೆ. ಅದನ್ನು ಪರಿಶೀಲಿಸಲು ಮೈಸೂರು ರಸ್ತೆಯ ದೀಪಾಂಜಲಿ ನಗರ ತಕ್ಕ ನೆಲೆ. ನಗರದ ಹಳೆಯ ವಿದ್ಯಾಕೇಂದ್ರವಾದ ಸೆಂಟ್ರಲ್ ಕಾಲೇಜು ಇದರ ಒಂದು ಬದಿಗಾದರೆ, ಜ್ಞಾನಭಾರತಿ ಆವರಣ ಇನ್ನೊಂದು ಬದಿಗಿದೆ.

1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸ್ಥಾಪನೆಗೊಂಡ ಮದರಾಸು ವಿಶ್ವವಿದ್ಯಾಲಯವು ಮೊದಲಿಗೆ ಪಾಠ ಹೇಳುವ ಸಂಸ್ಥೆಯಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳ ವಿದ್ಯಾರ್ಥಿಗಳು ಆ ಪರೀಕ್ಷೆಗಳಿಗೇ ಕುಳಿತುಕೊಳ್ಳಬೇಕಿತ್ತು. ಪಾಠ ಹೇಳುವುದು ಒಂದೆಡೆ, ಅಳೆಯುವುದು ಇನ್ನೊಂದೆಡೆ ಎಂಬ ಈ ಏರ್ಪಾಡು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದ ಮೇಲೂ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಪ್ರತ್ಯೇಕಗೊಂಡ ಮೇಲೂ ಬಹುಮಟ್ಟಿಗೆ ಮುಂದುವರಿಯಿತು. ಸಂಯೋಜಿತ ಕಾಲೇಜುಗಳ ಸಂಖ್ಯೆ ಬೆಳೆದಂತೆ ಪಾಠ ಹೇಳಿದವರೇ ತಿದ್ದಬೇಕಾದ ಪತ್ರಿಕೆಗಳ ಕಟ್ಟುಗಳೂ ಬೆಳೆದವು. ಆದರೆ ಅವರ ಕೈಗೆ ಬರುತ್ತಿದ್ದುದು ತಮ್ಮ ವಿದ್ಯಾರ್ಥಿಗಳ ಬರಹವಲ್ಲ; ಸಂಕೇತಸಂಖ್ಯೆಯ ಹಿಂದೆ ಅಡಗಿದ ಅಪರಿಚಿತರ ಬರಹ.

2000ದ ದಶಕದಲ್ಲಿ ಪದವಿ ತರಗತಿಗಳಲ್ಲಿ ಸೆಮಿಸ್ಟರ್ ಪದ್ಧತಿ ನೆಲೆಗೊಂಡಿತು. ಮೂರು ವರ್ಷದ ಪದವಿಗೆ ಮೂರು ವಾರ್ಷಿಕ ಪರೀಕ್ಷೆಗಳಿದ್ದ ಕಡೆ ಆರು ಪರೀಕ್ಷೆಗಳಾದವು. ಅವುಗಳ ಜೊತೆಗೆ ಆಂತರಿಕ ಅಂಕಗಳ ಕಿರುಪರೀಕ್ಷೆ, ನಿಯೋಜಿತ ಬರಹ, ಪ್ರಾಯೋಗಿಕ ಪರೀಕ್ಷೆ, ಹಿಂದಿನ ಸೆಮಿಸ್ಟರ್‌ಗಳಲ್ಲಿ ಅನುತ್ತೀರ್ಣರಾದವರ ಪತ್ರಿಕೆಗಳೂ ಸೇರಿದವು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಪಠ್ಯಕ್ರಮ ಬದಲಾಗಿ, 2024-25ರಲ್ಲಿ ರಾಜ್ಯವು ಮೂರು ವರ್ಷದ ಪದವಿಗೆ ಮರಳಿದ್ದರಿಂದ ಒಂದೇ ವಿಷಯದಲ್ಲಿ ಹಳೆಯ ಹಾಗೂ ಹೊಸ ಪಠ್ಯಕ್ರಮದ ಪತ್ರಿಕೆಗಳು ಒಟ್ಟೊಟ್ಟಿಗೆ ಬರುವಂತಾಯಿತು. ಒಂದು ಪತ್ರಿಕೆಗೆ ಹತ್ತು ನಿಮಿಷವೆಂದು ಹಿಡಿದರೂ 36 ಪತ್ರಿಕೆಗಳಿಗೆ ಪೂರ್ತಿ ಆರು ಗಂಟೆ ಬೇಕು. ಅಂಕ ಕೂಡುವುದು, ಪಟ್ಟಿಗೆ ಏರಿಸುವುದು, ಪರಿಶೀಲಿಸುವುದು ಈ ಲೆಕ್ಕಕ್ಕೆ ಸೇರಿಲ್ಲ.

ಕಾರ್ಯಭಾರದ ಅಳತೆಯಾದರೋ ಬೋಧನೆಯ ಸುತ್ತಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿತು. ಸರ್ಕಾರಿ ಪದವಿ ಕಾಲೇಜುಗಳು ಬಹುವಾಗಿ ಅವಲಂಬಿಸಿರುವ ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನಷ್ಟು ಬಿಗಿ. 2021ರ ಕೊನೆಯಲ್ಲಿ ಅವರು ನಡೆಸಿದ ಹೋರಾಟದ ತರುವಾಯ, 2022ರ ಜನವರಿಯಲ್ಲಿ, ಅದುವರೆಗೆ 11,000 ಇಲ್ಲವೆ 13,000 ರೂಪಾಯಿಯಿದ್ದ ಮಾಸಿಕ ಗೌರವಧನವು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿಯವರೆಗೆ ಏರಿತು. ಜೊತೆಗೆ ಬೋಧನೆಯ ಅವಧಿಯೂ ಏರಿತು. ಉದ್ಯೋಗಭದ್ರತೆಯ ಪ್ರಶ್ನೆ ಮಾತ್ರ ಆಗ ಬಗೆಹರಿಯಲಿಲ್ಲ.

ತೆರೆಮರೆಯಲ್ಲಿರುವ ಈ ದುಡಿಮೆಯ ತೂಕ ತಿಳಿಯುವುದು ಅದು ನಿಂತಾಗ. 2016ರಲ್ಲಿ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು ವೇತನ ಪರಿಷ್ಕರಣೆಗಾಗಿ ದ್ವಿತೀಯ ಪಿಯುಸಿ ಮೌಲ್ಯಮಾಪನವನ್ನು ಬಹಿಷ್ಕರಿಸಿದಾಗ ಲಕ್ಷಾಂತರ ವಿದ್ಯಾರ್ಥಿಗಳ ಫಲಿತಾಂಶ ಅತಂತ್ರವಾಯಿತು. ನಾಡಿನ ಗಮನ ಆಗ ಮೌಲ್ಯಮಾಪನ ಕೇಂದ್ರಗಳ ಖಾಲಿ ಕುರ್ಚಿಗಳತ್ತ ಹರಿಯಿತು.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಹಂಚಿಹೋಯಿತು. ಸೆಂಟ್ರಲ್ ಕಾಲೇಜು ಆವರಣ ಹೊಸ ನಗರ ವಿಶ್ವವಿದ್ಯಾಲಯದ ನೆಲೆಯಾಯಿತು. 2021ರಲ್ಲಿ ಮೆಟ್ರೊ ಕೆಂಗೇರಿಯವರೆಗೆ ವಿಸ್ತರಿಸಿದ ಮೇಲೆ ದೀಪಾಂಜಲಿ ನಗರದಿಂದ ಜ್ಞಾನಭಾರತಿ ನಾಲ್ಕನೆಯ ನಿಲ್ದಾಣವಾಯಿತು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೆಗಳು ಗಣಕದ ತೆರೆಯ ಮೇಲೇರಿವೆ. ಆಡಳಿತ ಬದಲಾಗಿದೆ, ದಾರಿ ಹತ್ತಿರವಾಗಿದೆ, ಕಾಗದದ ಕಟ್ಟು ಹಗುರಾಗಿದೆ; ಓದಬೇಕಾದ ಕಣ್ಣಿನ ಕೆಲಸ ಹಗುರಾಗಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಹಿಂದೆ ಬೋಧಿಸಿದ್ದ ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು 1949ರಲ್ಲಿ, ಉನ್ನತ ಶಿಕ್ಷಣದಲ್ಲಿ ಒಂದೇ ಸುಧಾರಣೆಯನ್ನು ಸೂಚಿಸುವುದಾದರೆ ಅದು ಪರೀಕ್ಷೆಯದಾಗಿರಬೇಕೆಂದು ಅಭಿಪ್ರಾಯಪಟ್ಟಿತು. ಆ ಬಳಿಕ ಪರೀಕ್ಷೆಗಳು ಹೆಚ್ಚಿದವು. ತಿದ್ದುವವರ ಸಮಯಕ್ಕೆ ಬೆಲೆ ಕಟ್ಟುವ ಕಾರ್ಯ ಹಿಂದೆ ಬಿತ್ತು. ದಣಿದ ಕಣ್ಣು ಒಂದು ಪುಟವನ್ನು ಅವಸರದಲ್ಲಿ ಮಗುಚಿದರೆ ನಷ್ಟ ಅಧ್ಯಾಪಕರದಷ್ಟೇ ಅಲ್ಲ, ಆ ಸಂಕೇತಸಂಖ್ಯೆಯ ಹಿಂದಿರುವ ವಿದ್ಯಾರ್ಥಿಯದೂ ಹೌದು. ಹೀಗಾಗಿ ಮೌಲ್ಯಮಾಪನದ ಗಂಟೆಗಳನ್ನು ಬೋಧನೆಯ ಗಂಟೆಗಳಂತೆಯೇ ಕಾರ್ಯಭಾರದಲ್ಲಿ ಎಣಿಸುವುದು ಅಧ್ಯಾಪಕರಿಗೆ ತೋರುವ ರಿಯಾಯಿತಿಯಲ್ಲ, ಪರೀಕ್ಷೆಯ ನ್ಯಾಯಕ್ಕೆ ಬೇಕಾದ ಮೊದಲ ಆಧಾರ.