ಧರ್ಮದ್ರವ್ಯವೂ ನ್ಯೂಟನ್ನನ ನಿಯಮಗಳೂ

ಪಾಠಶಾಲೆಯಲ್ಲಿ ಷಡ್ದ್ರವ್ಯಗಳ ಪಾಠ ನಡೆಯುವಾಗ ಏಳನೆಯ, ಎಂಟನೆಯ ತರಗತಿಯ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: "ನ್ಯೂಟನ್ ಹೇಳಿದ್ದನ್ನು ನಮ್ಮ ಆಚಾರ್ಯರು ಮೊದಲೇ ಹೇಳಿದ್ದರೇ?" ಹೌದೆಂದರೆ ಮಕ್ಕಳ ಮುಖ ಅರಳುತ್ತದೆ, ಹಿರಿಯರಿಗೂ ಹಿತವೆನಿಸುತ್ತದೆ. ಆದರೆ ಆ ಉತ್ತರವು ಸತ್ಯವೇ ಎಂದು ಪರೀಕ್ಷಿಸುವುದು ಶ್ರಾವಕರಾದ ನಮ್ಮ ಕರ್ತವ್ಯ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಗತಿಗೆ ಧರ್ಮದ್ರವ್ಯವೂ ಸ್ಥಿತಿಗೆ ಅಧರ್ಮದ್ರವ್ಯವೂ ಉಪಕಾರಕವೆಂದು ನಿರೂಪಿಸಿದ್ದಾರೆ. ಇಲ್ಲಿ ಧರ್ಮಾಧರ್ಮಗಳೆಂದರೆ ಪುಣ್ಯಪಾಪಗಳಲ್ಲ. ಲೋಕಾಕಾಶವನ್ನೆಲ್ಲ ವ್ಯಾಪಿಸಿದ ಅಮೂರ್ತ ದ್ರವ್ಯಗಳು. ನೇಮಿಚಂದ್ರ ಆಚಾರ್ಯರ ದ್ರವ್ಯಸಂಗ್ರಹವು ಮೀನಿಗೆ ನೀರು, ದಾರಿಹೋಕನಿಗೆ ನೆರಳು ಎಂಬ ದೃಷ್ಟಾಂತಗಳಿಂದ ಇದನ್ನು ತಿಳಿಸುತ್ತದೆ. ನೀರು ಮೀನನ್ನು ತಳ್ಳುವುದಿಲ್ಲ, ಈಜುವ ಮೀನಿಗೆ ಆಸರೆಯಾಗುತ್ತದೆ. ನೆರಳು ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಅಂದರೆ ಇವು ಉದಾಸೀನ ನಿಮಿತ್ತಗಳೇ ಹೊರತು ಬಲಗಳಲ್ಲ.

ಪಶ್ಚಿಮದಲ್ಲಿ ವಿಚಾರವು ಬೇರೆ ದಾರಿ ಹಿಡಿಯಿತು. ತಳ್ಳಿದ ವಸ್ತು ಚಲಿಸುತ್ತಿರಬೇಕಾದರೆ ಅದನ್ನು ತಳ್ಳುತ್ತಲೇ ಇರಬೇಕೆಂದು ಗ್ರೀಸಿನ ಅರಿಸ್ಟಾಟಲನು ಭಾವಿಸಿದ್ದನು. ಇಟಲಿಯ ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಕಂಚಿನ ಗುಂಡನ್ನು ಉರುಳಿಸಿ, ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದನು. ಎರಡರಷ್ಟು ಕಾಲದಲ್ಲಿ ನಾಲ್ಕರಷ್ಟು, ಮೂರರಷ್ಟು ಕಾಲದಲ್ಲಿ ಒಂಬತ್ತರಷ್ಟು ದೂರ! 1638ರಲ್ಲಿ ಇದು ಗ್ರಂಥರೂಪದಲ್ಲಿ ಹೊರಬಂದಾಗ ಅವನು ಧರ್ಮಾಧಿಕಾರಿಗಳ ಆಜ್ಞೆಯಂತೆ ಗೃಹಬಂಧನದಲ್ಲಿದ್ದನು.

1687ರಲ್ಲಿ ನ್ಯೂಟನ್ ತನ್ನ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಮೂರು ನಿಯಮಗಳನ್ನು ಹೇಳಿದನು. ಹೊರಗಿನ ಬಲ ತಾಗದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ತಳ್ಳಿಬಿಟ್ಟ ಗಾಡಿಯನ್ನು ನಿಲ್ಲಿಸುವುದು ಘರ್ಷಣೆ. ಎರಡನೆಯದಾಗಿ, ಒಂದೇ ಬಲದಿಂದ ತಳ್ಳಿದರೆ ಬರಿಗಾಡಿ ಬೇಗನೆ ವೇಗ ಪಡೆಯುತ್ತದೆ, ಅಕ್ಕಿಮೂಟೆ ಹೇರಿದ ಗಾಡಿ ನಿಧಾನವಾಗಿ. ಮೂರನೆಯದಾಗಿ, ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ಪ್ರತಿಯೊಂದು ಬಲಕ್ಕೂ ಸಮನಾದ ಎದುರುಬಲವುಂಟು.

ಆಚಾರ್ಯರ ಪ್ರಶ್ನೆ "ಗತಿಯು ಸಾಧ್ಯವಾಗುವುದು ಯಾವುದರ ಆಸರೆಯಿಂದ?" ಎಂಬುದು. ನ್ಯೂಟನ್ನನ ಪ್ರಶ್ನೆ "ಗತಿಯು ಬದಲಾಗುವುದು ಎಷ್ಟು ಬಲದಿಂದ?" ಎಂಬುದು. ಒಂದು ದ್ರವ್ಯವಿಚಾರ, ಇನ್ನೊಂದು ಅಳತೆಯ ವಿಚಾರ. ಒಂದನ್ನು ಇನ್ನೊಂದೆಂದು ಹೇಳುವುದು ಎರಡಕ್ಕೂ ಅನ್ಯಾಯ.

ಈ ಬೆಸುಗೆಯ ಅಪಾಯಕ್ಕೆ ಉದಾಹರಣೆಯುಂಟು. ವಿದ್ವಾಂಸರಾದ ಪ್ರೊ. ಜಿ. ಆರ್. ಜೈನ್ ಅವರು 1942ರ ತಮ್ಮ ಗ್ರಂಥದಲ್ಲಿ ಧರ್ಮದ್ರವ್ಯವನ್ನು ವಿಜ್ಞಾನಿಗಳ 'ಈಥರ್'ಗೆ ಸಮೀಕರಿಸಿದರು. ಆದರೆ 1887ರಲ್ಲೇ ಮೈಕೆಲ್ಸನ್ ಮತ್ತು ಮಾರ್ಲಿಯವರ ಪ್ರಯೋಗದಲ್ಲಿ ಭೂಮಿಯು ಈಥರಿನೊಳಗೆ ಚಲಿಸುತ್ತಿರುವ ಕುರುಹು ಸಿಕ್ಕಿರಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದಿದ್ದನು. ಆ ಸಮೀಕರಣವನ್ನು ನಂಬಿದ ಬಾಲಕನು ಕಾಲೇಜಿನಲ್ಲಿ ಇದನ್ನು ಓದಿದಾಗ ಈಥರಿನ ಜೊತೆಗೆ ಸೂತ್ರವನ್ನೂ ಕೈಬಿಡುವನು. ಆಗ ದೋಷ ಸೂತ್ರದ್ದಲ್ಲ, ಗಂಟು ಹಾಕಿದ ನಮ್ಮದು.

ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆದವನಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಾರದ ಹಣವನ್ನು ಜಮಾ ಬರೆದರೆ ಪುಸ್ತಕ ತುಂಬೀತು, ಪೆಟ್ಟಿಗೆ ತುಂಬದು. ಸುಳ್ಳುಬರಹವಾದ ಕೂಟಲೇಖಕ್ರಿಯೆಯು ಸತ್ಯಾಣುವ್ರತದ ಅತಿಚಾರ. ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರ. ಪರರ ಶ್ರಮದ ಫಲವನ್ನು ನಮ್ಮ ಖಾತೆಗೆ ಬರೆದುಕೊಂಡರೆ ಎರಡೂ ದೋಷಗಳ ನೆರಳು ನಮ್ಮ ಮೇಲೆ ಬೀಳುತ್ತದೆ.

ಆದುದರಿಂದ ಪಾಠಪುಸ್ತಕಗಳನ್ನು ಅಚ್ಚು ಹಾಕಿಸುವ ಬಸದಿಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೇ: ಇಂತಹ ಹೋಲಿಕೆಯ ವಾಕ್ಯಗಳನ್ನು ತೆಗೆದುಹಾಕಿರಿ. ಮಕ್ಕಳು ನಯವಾದ ನೆಲದ ಮೇಲೂ ಮರಳಿನ ಮೇಲೂ ಚೆಂಡನ್ನು ಉರುಳಿಸಿ ಘರ್ಷಣೆಯನ್ನು ಕಣ್ಣಾರೆ ಕಾಣಲಿ. ಅನಂತರ ಸೂತ್ರವನ್ನು ಸೂತ್ರವಾಗಿಯೇ ಓದಲಿ. ಆಚಾರ್ಯರ ಗೌರವಕ್ಕೆ ಸಾಲದ ಒಡವೆ ಬೇಕಾಗಿಲ್ಲ.