ನೀರು ಬರುವ ದಾರಿ, ಕೊಳೆ ಹೋಗುವ ದಾರಿ

ಚಿತ್ರದುರ್ಗದ ಕೋಟೆಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ನಾನು ಅವರನ್ನು ಗೋಪಾಲಸ್ವಾಮಿ ಹೊಂಡದ ಬಳಿ ನಿಲ್ಲಿಸುತ್ತಿದ್ದೆ. ಈ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೂ ಅಲ್ಲಿಂದ ಸಿಹಿನೀರು ಹೊಂಡಕ್ಕೂ ಕೊನೆಗೆ ಪೇಟೆಯ ಸಂತೆಹೊಂಡಕ್ಕೂ ಇಳಿಯುತ್ತದೆ. ಪಾಳೆಯಗಾರರ ಕಾಲದ ಈ ಏರ್ಪಾಡಿಗೆ ಯಂತ್ರವಿಲ್ಲ. ಇಳಿಜಾರೇ ಅದರ ಶಕ್ತಿ.

1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು ಇದೇ ವಿದ್ಯೆಯ ದೊಡ್ಡ ರೂಪ. ಹೀಗೆ ನೀರನ್ನು ತರುವುದನ್ನು ಬಲ್ಲ ನಾವು, ಬಳಸಿದ ನೀರನ್ನು ಕಳುಹಿಸುವುದನ್ನು ತಡವಾಗಿ ಕಲಿತೆವು. ಆ ತಡದ ಬೆಲೆಯನ್ನು ತೆತ್ತವರು ಮಲ ಹೊರುತ್ತಿದ್ದ ಜನರು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ.

ಹಾಗಾದರೆ ಜಿಲ್ಲೆಯ ಸಣ್ಣ ಪಟ್ಟಣಗಳ ಕೊಳಚೆ ಎಲ್ಲಿಗೆ ಹೋಗಬೇಕು? ಮೂರು ದಾರಿಗಳಿವೆ. ಮೊದಲನೆಯದು, ಎಲ್ಲವನ್ನೂ ಕೊಳವೆಯ ಮೂಲಕ ದೊಡ್ಡ ನಗರದ ಶುದ್ಧೀಕರಣ ಘಟಕಕ್ಕೆ ಸೇರಿಸುವುದು. ಒಂದೇ ಘಟಕವಾದರೆ ಮೇಲ್ವಿಚಾರಣೆ ಸುಲಭ. ಆದರೆ ಹಿರಿಯೂರು ಚಿತ್ರದುರ್ಗಕ್ಕಿಂತ ತಗ್ಗಿನಲ್ಲಿದೆ, ಸುಮಾರು 40 ಕಿಲೋಮೀಟರ್ ದೂರವೂ ಇದೆ. ಕೊಳಚೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿಯದಿದ್ದರೆ ಕೊಳವೆಯಲ್ಲೇ ಹೂಳು ಕೂರುತ್ತದೆ. ಏರಿಗೆ ಹತ್ತಿಸಬೇಕಾದರೆ ಹಗಲಿರುಳೂ ಪಂಪು ನಡೆಯಬೇಕು. ವಿದ್ಯುತ್ ನಿಂತ ದಿನ ಕೊಳಚೆ ಬೀದಿಗೆ ಬರುತ್ತದೆ. ಎರಡನೆಯದು, ಊರಿನ ತಗ್ಗಿನಲ್ಲಿ ಊರಿನದೇ ಘಟಕ. ಕೊಳವೆ ಗಿಡ್ಡವಾಗುತ್ತದೆ, ಶುದ್ಧವಾದ ನೀರು ಸುತ್ತಲಿನ ತೋಟಗಳಿಗೆ ಒದಗುತ್ತದೆ. ಆದರೆ ಪ್ರತಿ ಊರಿಗೂ ನುರಿತ ಸಿಬ್ಬಂದಿ ಬೇಕು. ಮೂರನೆಯದು, ಮನೆಗಳ ಗುಂಡಿಗಳಿಂದ ಯಂತ್ರದಿಂದ ಹೀರಿದ ಕೆಸರನ್ನು ಟ್ಯಾಂಕರಿನಲ್ಲಿ ಸಾಗಿಸುವುದು. ಅಂಥ ಕೆಸರನ್ನು ಸಂಸ್ಕರಿಸುವ ಘಟಕ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾಯಿತು. ಖರ್ಚು ಕಡಿಮೆ; ಆದರೆ ಟ್ಯಾಂಕರು ಘಟಕಕ್ಕೆ ಹೋಗದೆ ಹಳ್ಳಕ್ಕೆ ಸುರಿದರೆ ಎಲ್ಲವೂ ವ್ಯರ್ಥ. ಬಚ್ಚಲ ನೀರಿಗೂ ಅದು ಪರಿಹಾರವಲ್ಲ.

ನನ್ನ ದೃಷ್ಟಿಯಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಎರಡನೆಯ ದಾರಿಯೇ ಹಿತ. ಕೊಳವೆ ಮುಟ್ಟದ ಬಡಾವಣೆಗಳಿಗೆ ಮೂರನೆಯದು ಜೊತೆಗಿರಲಿ. ಏಕೆಂದರೆ ವೇದಾವತಿಯು ಹೊಸದುರ್ಗ ತಾಲ್ಲೂಕಿನಲ್ಲಿ ಹರಿದೇ ವಾಣಿವಿಲಾಸ ಸಾಗರವನ್ನು ಸೇರುತ್ತದೆ; ಹಿರಿಯೂರು, ಚಿತ್ರದುರ್ಗಗಳು ಕುಡಿಯುವುದು ಆ ನೀರನ್ನು. ಮೇಲಿನ ಊರಿನವರು ನದಿಗೆ ಬಿಟ್ಟದ್ದು ಕೆಳಗಿನವರ ಲೋಟಕ್ಕೆ ಬರುತ್ತದೆ.

2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಒಳ್ಳೆಯ ನೀರು, ಕೆಟ್ಟ ನೀರು ಎರಡಕ್ಕೂ ಬೇರೆ ಬೇರೆ ದಾರಿಯಿರಬೇಕೆಂಬುದನ್ನು ಆ ಸಾವುಗಳು ಮತ್ತೆ ನೆನಪಿಸಿದವು. ನೀರು ಎತ್ತ ಇಳಿಯುತ್ತದೆಂದು ಮೊದಲು ನೋಡಿ ಆಮೇಲೆ ಕಲ್ಲು ಕಟ್ಟಿದವರು ಕೋಟೆಯ ಹಿರಿಯರು. ಕೊಳವೆ ಹಾಕುವ ಮೊದಲು ನಾವೂ ಅಷ್ಟು ನೋಡಿದರೆ ಸಾಕು.