ನೀತಿಯ ಕಾದಂಬರಿಗಳೂ ಚರಿತ್ರೆಯ ಸಾಕ್ಷ್ಯವೂ

ಕನ್ನಡದ ಮೊದಮೊದಲ ಕಾದಂಬರಿಗಳ ಪ್ರಸ್ತಾಪ ಬಂದಾಗ, ಅವು ನೀತಿಬೋಧೆಗಾಗಿ ಹೆಣೆದ ಕಟ್ಟುಕಥೆಗಳೆಂದೂ ಚರಿತ್ರಕಾರನಿಗೆ ಅವುಗಳಿಂದ ಪ್ರಯೋಜನವಿಲ್ಲವೆಂದೂ ಹೇಳಿಬಿಡುವ ವಾಡಿಕೆಯುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಮಾಡಬೇಕಾಗಿದೆ.

ಆ ಗ್ರಂಥಗಳ ಹೆಸರುಗಳೇ ಈ ಅಪವಾದಕ್ಕೆ ಎಡೆಗೊಟ್ಟಿವೆಯೆಂಬುದು ನಿಜ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮವಿಜಯ’ವೆಂಬ ಮತ್ತೊಂದು ಹೆಸರುಂಟು. 1915ರಲ್ಲಿ ಹೊರಬಂದ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ಕ್ಕೆ ಗಾದೆಯ ಮಾತೇ ಹೆಸರು. ಆದರೆ ಬರೆದವರು ಯಾರು? ವೆಂಕಟರಾಯರು ಪೋಲೀಸು ಇಲಾಖೆಯಲ್ಲಿದ್ದವರು. ಪುಟ್ಟಣ್ಣನವರು ಮೈಸೂರು ಸೀಮೆಯಲ್ಲಿ ಅಮಲ್ದಾರರಾಗಿದ್ದವರು. ಜನರ ತಪ್ಪುಒಪ್ಪುಗಳನ್ನು ಪುರಾಣಶ್ರವಣದಿಂದಲ್ಲ, ಕಚೇರಿಯ ಅರ್ಜಿಗಳಿಂದ ಕಂಡವರು. ಪಾಪಪುಣ್ಯಗಳ ಮಾತನ್ನು ಇವರು ಆಡಿದರೆ ಅದರ ಹಿಂದೆ ಕಡತವೊಂದು ಇದ್ದೀತೆಂದು ಊಹಿಸುವುದು ತಪ್ಪಲ್ಲ.

ಪುಟ್ಟಣ್ಣನವರ ವಿಷಯದಲ್ಲಿ ಊಹೆಗಿಂತ ಗಟ್ಟಿಯಾದ ಆಧಾರವಿದೆ. ತುಮಕೂರಿನಿಂದ ಮರಳೂರಿನ ಮೇಲೆ ಹೋಗುವ ದಾರಿಯು ಕುಣಿಗಲನ್ನು ಸೇರುತ್ತದಷ್ಟೆ. ಆ ಊರಿನ ಹೆಸರನ್ನು ಹೊತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ತರ್ಕಪಾಂಡಿತ್ಯಕ್ಕೆ ಪ್ರಸಿದ್ಧರಾಗಿದ್ದ ರಾಮಶಾಸ್ತ್ರಿಗಳ ಚರಿತ್ರೆಯನ್ನು ಅವರು 1910ರಲ್ಲಿ ಪ್ರಕಟಿಸಿದರು. ಐದು ವರ್ಷಗಳ ತರುವಾಯ ಬಂದ ಕಾದಂಬರಿಯೂ ಅದೇ ಮುಮ್ಮಡಿಯವರ ಕಾಲದ್ದೇ. ಒಂದರಲ್ಲಿ ಅರಮನೆಯ ವಿದ್ವತ್ಸಭೆ, ಇನ್ನೊಂದರಲ್ಲಿ ಹಳ್ಳಿಯ ಸಂಸಾರ. ಇವೆರಡನ್ನೂ ಜೋಡಿಯಾಗಿ ಓದದಿದ್ದುದೇ ನಮ್ಮ ವಿಮರ್ಶಕರ ಲೋಪವೆಂದು ನನಗೆ ತೋರುತ್ತದೆ. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. 1854ರಲ್ಲಿ ಹುಟ್ಟಿದ ಪುಟ್ಟಣ್ಣನವರಿಗೆ ಆಗ ಸುಮಾರು ಹದಿನಾಲ್ಕು ವಯಸ್ಸು. ಅವರ ಹಿರಿಯರು ಆ ಆಳಿಕೆಯಲ್ಲಿಯೇ ಬಾಳಿದವರು. ಹೀಗಿರಲು ಕಾದಂಬರಿಯ ಮನೆವಾರ್ತೆ, ಮಾತುಕತೆ, ಆಚಾರವ್ಯವಹಾರಗಳನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವುದು ಹೇಗೆ?

ದೂರದ ಅಮೆರಿಕದಲ್ಲಿಯೂ ಇದೇ ತೊಡಕು ಕಂಡುಬರುತ್ತದೆ. ಸುಸಾನಾ ರೌಸನ್ ಎಂಬಾಕೆ ‘ಷಾರ್ಲಟ್ ಟೆಂಪಲ್’ ಎಂಬ ಮೋಸಹೋದ ಹುಡುಗಿಯೊಬ್ಬಳ ಕಥೆಯನ್ನು ನಿಜವೃತ್ತಾಂತವೆಂದೇ ಕರೆದಳು. 1794ರಲ್ಲಿ ಅಲ್ಲಿ ಅಚ್ಚಾದ ಅದನ್ನು ತಲೆಮಾರುಗಳು ಓದಿದವು. ಕಾಡಿನಂಚಿನ ವಲಸೆಗಾರರ ಬಾಳನ್ನು ಕೂಪರನು ಚಿತ್ರಿಸಿದ ‘ಪಯೊನಿಯರ್ಸ್’ ಹೊರಬಂದದ್ದು 1823ರಲ್ಲಿ. ನಮ್ಮ ಕೆಂಪುನಾರಾಯಣನ ‘ಮುದ್ರಾಮಂಜೂಷ’ವೂ ಅದೇ ವರ್ಷದ್ದೆಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು. ನಮ್ಮಲ್ಲಿ ಆ ಬಗೆಯ ಅಂಚಿನ ಬಾಳೆಂದರೆ ಪಾಳೆಯಗಾರರದು. ಅದನ್ನು ಪುಟ್ಟಣ್ಣನವರು ಕಾದಂಬರಿಗೆ ಬಿಡದೆ ಚರಿತ್ರೆಯಾಗಿಯೇ ಬರೆದರು. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತ ಅವರ ಗ್ರಂಥವೇ ಸಾಕ್ಷಿ.

ಗುಬ್ಬಿಯ ಮುರಿಗಾರಾಧ್ಯರ ‘ಶೃಂಗಾರ ಚಾತುರ್ಯೋಲ್ಲಾಸಿನಿ’ಯು 1896ರದು; ಹೆಸರಿನಿಂದಲೇ ಹಳೆಯ ಶೃಂಗಾರಪರಂಪರೆಯ ವಾಸನೆ ಬರುವುದರಿಂದ ಅದನ್ನು ಈ ವಿಚಾರಕ್ಕೆ ಎಳೆಯುವುದಿಲ್ಲ.

ಆದರೂ ಎಚ್ಚರಿಕೆಯೊಂದು ಬೇಕು. ‘ಇಂದಿರಾಬಾಯಿ’ಯಲ್ಲಿ ಎಳೆಯ ವಿಧವೆಯು ಕಪಟಸಂತರ ಕೂಟಕ್ಕೆ ಬಲಿಯಾಗದೆ ಮನೆಬಿಟ್ಟು, ವಿದ್ಯೆ ಕಲಿತು, ಓದಿದ ತರುಣನನ್ನು ಮದುವೆಯಾಗುತ್ತಾಳೆ. ಆಕೆಯು ಬಿಟ್ಟುಬಂದ ಮನೆಯ ವರ್ಣನೆ ಸಾಕ್ಷ್ಯ; ಆ ಮದುವೆಯು ಗ್ರಂಥಕರ್ತರ ಹಾರೈಕೆ. ಮಾಡಿದವರೆಲ್ಲ ಉಣ್ಣುವ ಲೋಕವನ್ನು ಪೋಲೀಸಿನವರಾಗಲಿ ಅಮಲ್ದಾರರಾಗಲಿ ಕಂಡಿರಲಾರರು. ಆದುದರಿಂದ ಇಂತಹ ಕಾದಂಬರಿಗಳ ಕೊನೆಯ ಪ್ರಕರಣವನ್ನು ಬದಿಗಿಟ್ಟು, ಅದಕ್ಕೆ ಹಿಂದಿನ ಪುಟಗಳನ್ನು ಆ ಕಾಲದ ಕಡತಗಳೊಡನೆ ಹೋಲಿಸಿ ನೋಡತಕ್ಕದ್ದು.